ಹಲಗಲಿಯ ಹತಾರವೂ ಹಳೆಯ ಬಂದೂಕಿನ ಆಯ್ಕೆಯೂ

ಆಪತ್ಕಾಲಕ್ಕೆ ಮನೆಯಲ್ಲೊಂದು ಆಯುಧವಿರಬೇಕೆಂಬ ಬಯಕೆ ನಮ್ಮ ಸೀಮೆಗೆ ಹೊಸದಲ್ಲ. ಘಟಪ್ರಭೆ ಕೃಷ್ಣೆಗಳ ನೀರನ್ನುಂಡು ಬೆಳೆದಿರುವ, ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ತಾಲ್ಲೂಕುಗಳಾಗಿ ವಿಭಾಗಗೊಂಡಿರುವ ಈ ಎರೆಭೂಮಿ ಮತ್ತು ಕಲ್ಲುಗುಡ್ಡಗಳ ನಾಡಿನಲ್ಲಿ, ತನ್ನ ಹತಾರವನ್ನು ಪರರ ಕೈಗೆ ಒಪ್ಪಿಸಲಾರೆನೆಂದು ಊರಿಗೆ ಊರೇ ನಿಂತು, ಆ ಒಂದು ಮಾತಿಗಾಗಿ ಬೆಂಕಿಗೂ ನೇಣಿಗೂ ಈಡಾದ ಚರಿತ್ರೆಯುಂಟು. ಈಚೆಗೆ ಅದೇ ನಾಡಿನ ಕೆಲವು ತರುಣರು, ಸೇನೆಯು ಬಳಸಿ ಬಿಟ್ಟ ಹಳೆಯ ರೈಫಲ್ ಒಂದನ್ನು ಅಗ್ಗವಾಗಿ ಕೊಂಡಿಟ್ಟುಕೊಂಡರೆ ಕಷ್ಟದ ದಿನಗಳಿಗೆ ಆದೀತಲ್ಲವೇ, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು ಎಂದು ವಿಚಾರಿಸುವುದುಂಟು. ಪ್ರಶ್ನೆ ಸಾಧುವಾದದ್ದೇ. ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಬಂದೂಕಿನ ಗುಣದೋಷಗಳನ್ನಷ್ಟೇ ಹೇಳಿದರೆ ಸಾಲದು. ಈ ನೆಲದಲ್ಲಿ ಆಯುಧಕ್ಕೂ ಪ್ರಜೆಗೂ ಇದ್ದ ಸಂಬಂಧ ಯಾವಾಗ, ಯಾವ ಕಾರಣದಿಂದ ಕಡಿದುಹೋಯಿತು ಎಂಬುದನ್ನೂ, ಆ ಸಂಬಂಧವನ್ನು ಇಂದಿನ ಕಾನೂನು ಯಾವ ಮಿತಿಯಲ್ಲಿ ಮತ್ತೆ ಅಂಗೀಕರಿಸುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಹಲಗಲಿ ಮುಧೋಳ ತಾಲ್ಲೂಕಿನ ಗ್ರಾಮ. 1857ರಲ್ಲಿ ಅದು ಘೋರ್ಪಡೆ ಮನೆತನದವರು ಆಳುತ್ತಿದ್ದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಬೇಡರು ಬೇಟೆಯಿಂದಲೂ ಕಾವಲಿನಿಂದಲೂ ಸಂಸ್ಥಾನಿಕರ ದಂಡಿನ ಸೇವೆಯಿಂದಲೂ ಬದುಕಿದವರು. ಸೇವೆಗೆ ಪ್ರತಿಫಲವಾಗಿ ಭೂಮಿಯನ್ನು ಪಡೆದು ಊರು ಕಾಯುವ ಶೇತ್ಸನದಿ ಪದ್ಧತಿ ಈ ದಕ್ಷಿಣ ಮರಾಠಾ ಸೀಮೆಯಲ್ಲೆಲ್ಲ ರೂಢಿಯಲ್ಲಿತ್ತು. ಅಂತಹ ಮನುಷ್ಯನಿಗೆ ಕತ್ತಿ, ಭರ್ಚಿ, ಬಂದೂಕುಗಳು ಗೋಡೆಗೆ ತೂಗುಹಾಕಿದ ಅಲಂಕಾರವಾಗಿರಲಿಲ್ಲ. ಒಕ್ಕಲಿಗನಿಗೆ ನೇಗಿಲು ಹೇಗೋ ಹಾಗೆ ಅವು ಅವನ ಅನ್ನದ ಸಾಧನಗಳೂ, ಅವನಿಗೆ ಊರಿನಲ್ಲಿ ಇದ್ದ ಸ್ಥಾನಮಾನದ ಸಾಕ್ಷಿಗಳೂ ಆಗಿದ್ದವು.

ಆ ಕಾಲದಲ್ಲಿ ಹಳ್ಳಿಗಾಡಿನಲ್ಲಿ ಪ್ರಚಾರದಲ್ಲಿದ್ದುದು ಬಹುಮಟ್ಟಿಗೆ ತೋಡೆದಾರ ಬಂದೂಕು. ನಳಿಗೆಯ ಬಾಯಿಂದ ಮದ್ದನ್ನು ಸುರಿದು, ಗುಂಡನ್ನು ಇಳಿಸಿ, ಗಜದಿಂದ ಗಿಡಿದು, ಪಕ್ಕದ ಸಣ್ಣ ರಂಧ್ರದ ಬಳಿ ಚಿಟಿಕೆ ಮದ್ದನ್ನಿಟ್ಟು, ಸದಾ ಕೆಂಡವಾಗಿರುವ ನೂಲಿನ ಬತ್ತಿಯನ್ನು ಅದಕ್ಕೆ ತಾಗಿಸಿದಾಗ ಅದು ಹಾರುತ್ತಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು. ರಾತ್ರಿಯಲ್ಲಿ ಅದರ ಕೆಂಡವೇ ಕಾವಲುಗಾರನ ಇರವನ್ನು ವೈರಿಗೆ ತೋರಿಸಿಕೊಡುತ್ತಿತ್ತು. ಆದರೂ ಅದಕ್ಕೊಂದು ದೊಡ್ಡ ಗುಣವಿತ್ತು. ಅದನ್ನು ಊರಿನ ಕಮ್ಮಾರನೇ ದುರಸ್ತಿ ಮಾಡಬಲ್ಲವನಾಗಿದ್ದನು. ಅದಕ್ಕೆ ಬೇಕಾದ ಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳಿಂದ ಸುತ್ತಮುತ್ತಲಲ್ಲೇ ಸಿದ್ಧವಾಗುತ್ತಿತ್ತು. ಅದೇ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ದಂಡಿಗೆ ಬರತೊಡಗಿದ್ದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್, ನಳಿಗೆಯ ಒಳಮೈಯಲ್ಲಿ ತಿರುವು ಗೆರೆಗಳನ್ನು ಕೊರೆಸಿಕೊಂಡು, ತಿರುಗುತ್ತ ಸಾಗುವ ಗುಂಡನ್ನು ನೂರಾರು ಗಜಗಳ ದೂರಕ್ಕೆ ಗುರಿತಪ್ಪದಂತೆ ಮುಟ್ಟಿಸುತ್ತಿತ್ತು. ತನ್ನ ಆಯುಧಕ್ಕೆ ಬೇಕಾದುದೆಲ್ಲ ತನ್ನ ಊರಿನಲ್ಲೇ ದೊರೆಯುವವನು ಒಂದು ಕಡೆ. ದೂರದ ಕಾರ್ಖಾನೆಯ ತೋಟಾವನ್ನು ನಂಬಿದ, ಆದರೆ ಬಲದಲ್ಲಿ ಬಹುಪಟ್ಟು ಮಿಗಿಲಾದ ಪಡೆ ಮತ್ತೊಂದು ಕಡೆ. ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆಯೆದ್ದಾಗ, ಕಂಪನಿ ಸರ್ಕಾರವು ಆಯುಧಗಳ ತಯಾರಿಕೆ, ಮಾರಾಟ ಮತ್ತು ಸಂಗ್ರಹವನ್ನು ನಿಯಂತ್ರಿಸುವ ಕಾಯ್ದೆಯೊಂದನ್ನು ಮಾಡಿ, ಹತಾರಗಳನ್ನು ನೋಂದಾಯಿಸಿ ಪರವಾನಗಿ ಪಡೆಯಬೇಕು, ಇಲ್ಲವಾದರೆ ಒಪ್ಪಿಸಿಬಿಡಬೇಕು ಎಂದು ವಿಧಿಸಿತು. ಹಲಗಲಿಯ ಬೇಡರು ಅದಕ್ಕೆ ಒಪ್ಪಲಿಲ್ಲ. ಪೂಜಾರಿ ಹನುಮ, ಬಾಲ, ಜಡಗ, ರಾಮ ಎಂಬ ನಾಯಕರ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಸಂಸ್ಥಾನದ ಕಾರಭಾರಿಯ ಸಮಾಧಾನದ ಮಾತುಗಳೂ ಫಲಿಸದಿರಲು, ನವೆಂಬರ್ ತಿಂಗಳ ಕೊನೆಯಲ್ಲಿ ಮಾಲ್ಕಮ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ದಕ್ಷಿಣ ಮರಾಠಾ ಕುದುರೆ ದಂಡು ರಾತ್ರೋರಾತ್ರಿ ಬಂದು ಊರನ್ನು ಸುತ್ತಿತು. ಬೇಡರು ಮನೆಮನೆಯಿಂದ ಹೋರಾಡಿದರು. ಊರಿಗೆ ಬೆಂಕಿ ಬಿತ್ತು; ಅನೇಕರು ಹೋರಾಟದಲ್ಲೇ ಮಡಿದರು; ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಜನರನ್ನು ಡಿಸೆಂಬರ್ ತಿಂಗಳಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಜನರ ಕಣ್ಣೆದುರಿನಲ್ಲಿಯೇ ಗಲ್ಲಿಗೇರಿಸಲಾಯಿತು. ಮರುವರ್ಷ ನರಗುಂದದ ಬಾಬಾಸಾಹೇಬರೂ ಮುಂಡರಗಿಯ ಭೀಮರಾಯರೂ ಬ್ರಿಟಿಷರ ವಿರುದ್ಧ ಎದ್ದುನಿಂತಾಗ ಈ ನಿಶ್ಶಸ್ತ್ರೀಕರಣದ ಕಹಿ ಅವರ ಕಾರಣಗಳಲ್ಲಿಯೂ ಬೆರೆತಿತ್ತು.

ಈ ಕಥೆಯನ್ನು ಉಳಿಸಿದ್ದು ಲಾವಣಿ. ಕುರ್ತಕೋಟಿ ಕಲ್ಮೇಶನ ಅಂಕಿತವುಳ್ಳ ಆ ಹಾಡನ್ನು ಶಾಸನತಜ್ಞರಾದ ಜೆ. ಎಫ್. ಫ್ಲೀಟರು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದರು; ನಮ್ಮ ಮಕ್ಕಳು ಅದನ್ನು ಪಠ್ಯದಲ್ಲಿ ಓದುತ್ತಾರೆ. ಪರಾಕ್ರಮದ ವರ್ಣನೆಗಿಂತಲೂ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಅದರ ಕೊನೆಯ ಭಾಗ. ದಂಡಿನವರು ಊರನ್ನು ದೋಚಿದಾಗ ಏನೇನು ಹೋಯಿತೆಂದು ಕವಿ ಒಂದೊಂದಾಗಿ ಎಣಿಸುತ್ತಾನೆ: ಕೊಡಲಿಯಿಂದ ಮೊದಲ್ಗೊಂಡು ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಬೆಲ್ಲ, ಪಾತ್ರೆಪಡಗ, ಬೀಸುವ ಕಲ್ಲಿನವರೆಗೆ. ಹತಾರ ಹೋದುದರ ಜೊತೆಗೆ ಸಂಸಾರವೂ ಹೋಯಿತೆಂಬ ಅರಿವು ಆ ಪಟ್ಟಿಯಲ್ಲಿದೆ. ಬದುಕಿ ಉಳಿಯುವ ಸಿದ್ಧತೆಯೆಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಆ ಪಟ್ಟಿಯನ್ನು ಓದಿರೆಂದೇ ಹೇಳುತ್ತೇನೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಹಲಗಲಿ ಸುಟ್ಟ ನಾಲ್ಕೇ ವರ್ಷಗಳಲ್ಲಿ, 1861ರಲ್ಲಿ, ಇದೇ ಕನ್ನಡ ನಾಡಿನ ದಕ್ಷಿಣದಂಚಿನ ಕೊಡಗಿನಲ್ಲಿ, ದಂಗೆಯ ಕಾಲದಲ್ಲಿ ನಿಷ್ಠರಾಗಿ ಉಳಿದರೆಂಬ ಕಾರಣಕ್ಕಾಗಿ ಕೊಡವರನ್ನು ಆಯುಧ ಕಾಯ್ದೆಯಿಂದ ಮುಕ್ತಗೊಳಿಸಲಾಯಿತು. ಆ ವಿನಾಯಿತಿ ಇಂದಿಗೂ ಊರ್ಜಿತದಲ್ಲಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿದೆ. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವುದನ್ನು ನೋಡಿದವರಿಗೆ ಅವರ ಸಂಪ್ರದಾಯದ ಗಾಂಭೀರ್ಯ ಗೊತ್ತು. ಅದರಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಬೇಡನಿಗೂ ಆಯುಧವು ಅಷ್ಟೇ ಪೂಜ್ಯವಾಗಿತ್ತು, ಅವನ ಆಯುಧಪೂಜೆಯೂ ಅಷ್ಟೇ ಹಳೆಯದಾಗಿತ್ತು. ಒಬ್ಬರದು ಮನ್ನಣೆ ಪಡೆದು ಮತ್ತೊಬ್ಬರದು ಬೂದಿಯಾದುದಕ್ಕೆ ಕಾರಣ ಆಳುವವರ ಅನುಕೂಲವಲ್ಲದೆ ಬೇರೆಯಲ್ಲ. 1857ರ ತಾತ್ಕಾಲಿಕ ಕಾಯ್ದೆಯ ಹಿಂದೆ 1860ರ ಕಾಯ್ದೆ ಬಂತು. ಲಿಟ್ಟನ್ ಪ್ರಭುವಿನ ಕಾಲದಲ್ಲಿ, 1878ರಲ್ಲಿ, ಅದು ಇನ್ನಷ್ಟು ಬಿಗಿಯಾಯಿತು. ಸ್ವಾತಂತ್ರ್ಯಾನಂತರ ನಮ್ಮ ಸಂಸತ್ತು ರಚಿಸಿದ 1959ರ ಆಯುಧ ಕಾಯ್ದೆ 1962ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಪರಕೀಯರು ಹೇರಿದ ಕಾಯ್ದೆಯೇ ಬೇರೆ, ನಾವೇ ನಮ್ಮ ಪ್ರತಿನಿಧಿಗಳ ಮೂಲಕ ಮಾಡಿಕೊಂಡ ಕಾಯ್ದೆಯೇ ಬೇರೆ. ಹಲಗಲಿಯ ವೀರರನ್ನು ಮನಸಾರೆ ಗೌರವಿಸುವವನು ಈ ಎರಡನೆಯ ಕಾಯ್ದೆಯನ್ನು ಪಾಲಿಸಬೇಕಾದವನೂ ಆಗಿದ್ದಾನೆಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ಸೇನೆಯ ಹಳೆಯ ರೈಫಲಿನ ವಿಚಾರ. ಎರಡು ಮಹಾಯುದ್ಧಗಳು ಮುಗಿದ ಮೇಲೆ ಜಗತ್ತಿನ ಶಸ್ತ್ರಾಗಾರಗಳಲ್ಲಿ ಲಕ್ಷಾಂತರ ರೈಫಲುಗಳು ನಿರುದ್ಯೋಗಿಗಳಾದವು. ಜರ್ಮನಿಯ ಮೌಸರ್, 1891ರಷ್ಟು ಹಿಂದೆ ರಷ್ಯದಲ್ಲಿ ಅಂಗೀಕೃತವಾದ ಮೋಸಿನ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್ ಇವೆಲ್ಲ ಅಮೆರಿಕದ ಪೇಟೆಗಳಲ್ಲಿ ಅಗ್ಗದ ಸರಕಾಗಿ ಮಾರಾಟವಾದವು. ಅಂಚೆಯಲ್ಲಿಯೇ ತರಿಸಿಕೊಳ್ಳಬಹುದಾದ ಕಾಲವೂ ಅಲ್ಲಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಬಲಿ ತೆಗೆದುಕೊಂಡದ್ದು ಅಂಚೆಯ ಮೂಲಕ ಕೊಂಡ ಇಟಲಿಯ ಸೇನೆಯ ಅಂತಹದೇ ಒಂದು ಹಳೆಯ ರೈಫಲ್. ತರುವಾಯ, 1968ರಲ್ಲಿ, ಆ ದೇಶವು ಅಂಚೆ ವ್ಯಾಪಾರವನ್ನು ಕಾಯ್ದೆಯಿಂದ ತಡೆಯಿತು. ಕಷ್ಟಕಾಲಕ್ಕೆ ಸೇನೆಯ ಹಳೆಯ ರೈಫಲನ್ನು ಆರಿಸಿಡಬೇಕೆಂಬ ವಿಚಾರ ಹುಟ್ಟಿ ಬೆಳೆದದ್ದು ಅಂತಹ ಪೇಟೆಯುಳ್ಳ ದೇಶಗಳಲ್ಲಿ. ನಮ್ಮಲ್ಲಿ ಆ ಪೇಟೆಯೇ ಇಲ್ಲ.

ಇಲ್ಲವೆಂದಮಾತ್ರಕ್ಕೆ ಆ ರೈಫಲುಗಳು ನಮಗೆ ಅಪರಿಚಿತವೆಂದಲ್ಲ. ಪಾಯಿಂಟ್ 303 ಎಂದು ನಮ್ಮ ಜನ ಕರೆಯುವ ಲೀ-ಎನ್‌ಫೀಲ್ಡನ್ನು ಕಾಣದ ಕನ್ನಡಿಗರು ವಿರಳ. ಠಾಣೆಯ ಬಾಗಿಲಲ್ಲಿಯೂ, ಖಜಾನೆಯ ಕಾವಲಿನಲ್ಲಿಯೂ, ಎನ್‌.ಸಿ.ಸಿ. ಬಾಲಕರ ಹೆಗಲ ಮೇಲೂ ಅದು ಮೆರೆದಿದೆ. ಏಳು ದಶಾಂಶ ಏಳು ಮಿಲಿಮೀಟರ್ ವ್ಯಾಸದ ನಳಿಗೆ, ಹತ್ತು ತೋಟಾ ಹಿಡಿಯುವ ಪೆಟ್ಟಿಗೆ, ಸರಿಸುಮಾರು ನಾಲ್ಕು ಕಿಲೋ ತೂಕ, ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ನೂಕುವ ಅಗುಳಿಯ ಸರಳ ಯಂತ್ರ, ಕೆಸರಿಗೂ ಧೂಳಿಗೂ ಅಂಜದ ಗಡುಸು ಇವೆಲ್ಲ ಅದಕ್ಕೆ ಕೀರ್ತಿ ತಂದ ಗುಣಗಳು. ಅದರ 1907ರ ಮಾದರಿಯನ್ನು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಿಸಿದರು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಆದರೆ ಸಾಮಾನ್ಯ ಪ್ರಜೆ ಇದನ್ನು ಇಟ್ಟುಕೊಳ್ಳುವಂತಿಲ್ಲ. ಪಾಯಿಂಟ್ 303 ಅಥವಾ 7.62 ಮಿಲಿಮೀಟರ್ ಸೇನಾ ತೋಟಾವನ್ನು ಹಾರಿಸಬಲ್ಲ ಯಾವುದೇ ರೈಫಲನ್ನು ನಮ್ಮ ಆಯುಧ ನಿಯಮಗಳು ನಿಷಿದ್ಧ ವರ್ಗದಲ್ಲಿ ಇರಿಸಿವೆ. ಅದಕ್ಕೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳಿಗಿಲ್ಲ, ಕೇಂದ್ರ ಗೃಹ ಖಾತೆಗೆ ಮಾತ್ರ ಉಂಟು. ಇದರ ಮರ್ಮ ಸರಳ: ಪ್ರಜೆಯ ಬಂದೂಕಿಗೂ ಸೇನೆಯ ಬಂದೂಕಿಗೂ ಒಂದೇ ತೋಟಾ ಆಗುವಂತಿದ್ದರೆ, ಉಗ್ರಾಣದಿಂದ ಕದ್ದ ತೋಟಾಕ್ಕೆ ಊರೂರಲ್ಲೂ ಗಿರಾಕಿ ಹುಟ್ಟುತ್ತದೆ. ಬ್ರಿಟಿಷರ ಕಾಲದಿಂದಲೂ ಈ ಭಯವಿತ್ತು. ಕಾವಲುಗಾರರಿಗೆಂದು ಲೀ-ಎನ್‌ಫೀಲ್ಡ್ ರೈಫಲಿನ ನಳಿಗೆಯನ್ನು ಪಾಯಿಂಟ್ 410 ಅಳತೆಗೆ ಅಗಲಿಸಿ, ಒಂದೊಂದೇ ಗುಂಡು ಹಾರುವಂತೆ ಮಾಡಿ ಕೊಟ್ಟದ್ದೂ ಇದೇ ಎಣಿಕೆಯಿಂದ. ವಿಶೇಷವೆಂದರೆ ಆ 410ರ ಮಸ್ಕೆಟ್ಟೂ ಇಂದು ನಿಷಿದ್ಧ ಪಟ್ಟಿಯಲ್ಲಿಯೇ ಇದೆ. ಪ್ರಜೆಗಳಿಗೆಂದು ಉಳಿದದ್ದು ಇಶಾಪುರದ ಪಾಯಿಂಟ್ 315 ರೈಫಲ್. ಅದರ ತೋಟಾ ಮೂಲತಃ ಆಸ್ಟ್ರಿಯ ದೇಶದ ಹಳೆಯ ಸೇನೆಯದು. ನಮ್ಮ ಸೇನೆಯ ಯಾವ ರೈಫಲಿಗೂ ಅದು ಹೊಂದುವುದಿಲ್ಲವೆಂಬ ಒಂದೇ ಕಾರಣ ಅದಕ್ಕೆ ಇಲ್ಲಿ ಬಾಳು ಕೊಟ್ಟಿತು. ಯಾರಾದರೂ ಸೇನೆಯ ಹಳೆಯ ಮಾಲೆಂದು ಗುಟ್ಟಾಗಿ ಏನನ್ನಾದರೂ ಮಾರಲು ಬಂದರೆ, ಅದು ಕಳವಿನದು ಅಥವಾ ಕಳ್ಳ ಕುಲುಮೆಯದು ಎಂದೇ ತಿಳಿಯಬೇಕು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ತರುವಾಯ ನಿಷಿದ್ಧ ವರ್ಗದ ಬಂದೂಕನ್ನು ಇರಿಸಿಕೊಂಡವನಿಗೆ ಕನಿಷ್ಠ ಏಳು ವರ್ಷಗಳ ಕಾರಾಗೃಹವಾಸ ಕಾದಿದೆ; ಸಾಧಾರಣ ಬಂದೂಕನ್ನು ಪರವಾನಗಿಯಿಲ್ಲದೆ ಇಟ್ಟುಕೊಂಡವನಿಗೂ ಎರಡು ವರ್ಷಗಳಿಗೆ ಕಡಿಮೆಯಿಲ್ಲ.

ಹಾಗಾದರೆ ನಮ್ಮ ತಾಲ್ಲೂಕುಗಳ ರೈತನಿಗೆ ತೆರೆದಿರುವ ದಾರಿ ಯಾವುದು? ಕಾಯ್ದೆಯ ಹದಿಮೂರನೆಯ ಕಲಮು ಬೆಳೆರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಬಂದೂಕಿಗೂ, ಆತ್ಮರಕ್ಷಣೆಗಾಗಿ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯ ಬಂದೂಕಿಗೂ ಇತರ ಆಯುಧಗಳಿಗಿಂತ ಹೆಚ್ಚಿನ ಔದಾರ್ಯವನ್ನು ತೋರಿಸುತ್ತದೆ. ಹಲಗಲಿಯ ಬೇಡನ ಬಂದೂಕಿನ ವಂಶದ ಕುಡಿಯೊಂದು ಹೀಗೆ ಕಾನೂನಿನ ಆಶ್ರಯದಲ್ಲಿಯೇ ಬದುಕಿದೆ. ಅರ್ಜಿಯನ್ನು ಜಿಲ್ಲಾಧಿಕಾರಿಗಳಿಗೆ ಸಲ್ಲಿಸಬೇಕು. ಠಾಣೆಯಿಂದ ವಿಚಾರಣೆಯ ವರದಿ ಹೋಗಬೇಕು. 2016ರ ನಿಯಮಗಳ ಪ್ರಕಾರ ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿಯೂ ಆಗಬೇಕು. ಪರವಾನಗಿಯ ಅವಧಿ ಈಗ ಐದು ವರ್ಷ. ಒಬ್ಬನ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರಕೂಡದು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಹೊರಡುವುದನ್ನು ರೈತರು ಬಲ್ಲರು.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ನಿರ್ಬಂಧವಿದೆ. ಅದನ್ನು ಬಹಳ ಜನ ಅರಿಯರು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಗುಡ್ಡಗಾಡು ಈಗ ಯಡಹಳ್ಳಿ ಚಿಂಕಾರ ವನ್ಯಧಾಮ. ಒಂದು ಕಾಲದಲ್ಲಿ ಬೇಡರ ಬೇಟೆಯ ನೆಲವಾಗಿದ್ದ ಕುರುಚಲು ಕಾಡಿನಲ್ಲಿ ಇಂದು ಚಿಂಕಾರ ಎಂಬ ಪುಟ್ಟ ಹುಲ್ಲೆಗೆ ಅಭಯ ದೊರೆತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ವನ್ಯಧಾಮದ ಹತ್ತು ಕಿಲೋಮೀಟರ್ ಅಂತರದೊಳಗೆ ವಾಸಿಸುವ ಪರವಾನಗಿದಾರನು ಅರಣ್ಯ ಇಲಾಖೆಯಲ್ಲಿಯೂ ತನ್ನ ಹೆಸರನ್ನು ನೋಂದಾಯಿಸಬೇಕು. ಆ ಪರಿಧಿಯೊಳಗೆ ಹೊಸ ಪರವಾನಗಿ ಕೊಡುವುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಕಬ್ಬಿನ ಗದ್ದೆಗೆ ಹಂದಿ ನುಗ್ಗಿತೆಂದು ಗುಂಡು ಹಾರಿಸಿ ಕೊಲ್ಲುವ ಸ್ವಾತಂತ್ರ್ಯ ಬೆಳೆರಕ್ಷಣೆಯ ಪರವಾನಗಿಯಿಂದ ತಾನಾಗಿಯೇ ಬರುವುದಿಲ್ಲ. ಸದ್ದು ಮಾಡಿ ಬೆದರಿಸಿ ಓಡಿಸುವುದೇ ಅದರ ಮುಖ್ಯ ಉಪಯೋಗ.

ಹಳೆಯ ಬಂದೂಕನ್ನೇ ಕೊಳ್ಳುವುದಾದರೆ, ಪರವಾನಗಿಯನ್ನು ಕೈಯಲ್ಲಿ ಹಿಡಿದ ಮೇಲೆ, ಪರವಾನಗಿಯುಳ್ಳ ಅಂಗಡಿಯಿಂದ ಅಥವಾ ಪರವಾನಗಿದಾರನಿಂದ ಕೊಳ್ಳಬೇಕು. ಹನ್ನೆರಡು ಬೋರಿನ ಒಂಟಿ ಅಥವಾ ಜೋಡು ನಳಿಗೆಯ ತೋಟಾ ಬಂದೂಕು ನಮ್ಮ ಕಡೆ ಹೆಚ್ಚಾಗಿ ಸಿಗುವಂಥದು. ಹನ್ನೆರಡೆಂಬುದು ಅಂಗುಲದ ಲೆಕ್ಕವಲ್ಲ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಎರಕಹೊಯ್ದರೆ ಅದರಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ ಎಂದು ಅರ್ಥ. ಮೊದಲು ನಳಿಗೆಯನ್ನು ಮರದಿಂದ ಬೇರ್ಪಡಿಸಿ, ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೆಳಕಿಗೆ ಹಿಡಿದು ಒಳಮೈಯನ್ನು ನೋಡಬೇಕು. ಬೆಳಕಿನ ಉಂಗುರಗಳು ಅಖಂಡವಾಗಿ, ವಕ್ರವಿಲ್ಲದೆ ಕಂಡರೆ ನಳಿಗೆ ನೆಟ್ಟಗಿದೆ. ನಡುವೆ ಎಲ್ಲಾದರೂ ಕಪ್ಪು ಛಾಯೆಯ ಬಳೆಯಂಥದು ಕಂಡರೆ ಅಲ್ಲಿ ಒಮ್ಮೆ ಉಬ್ಬಿದೆ ಎಂದು ತಿಳಿದು ಆ ಬಂದೂಕನ್ನು ಬಿಟ್ಟುಬಿಡಬೇಕು. ಮೇಲ್ಮೈಯ ತುಕ್ಕು ಒರಸಿದರೆ ಹೋದೀತು; ಒಳಗೆ ಗುಳಿ ಬಿದ್ದ ತುಕ್ಕು ಹೋಗದು. ಜೋಡು ನಳಿಗೆಯನ್ನು ಕೊಕ್ಕೆಯಿಂದ ತೂಗಾಡಿಸಿ ಬೆರಳ ಗೆಣ್ಣಿನಿಂದ ತಟ್ಟಿದಾಗ ನಾದ ಬಂದರೆ ಎರಡರ ಬೆಸುಗೆ ಗಟ್ಟಿ. ಮಂಕಾದ ಸದ್ದು ಬಂದರೆ ಬೆಸುಗೆ ಬಿಟ್ಟಿದೆ. ಮಡಚಿ ಮುಚ್ಚಿದ ಮೇಲೆ ಕೀಲಿನ ಬಳಿ ಅಲುಗಾಟವಿರಬಾರದು. ಮರದ ಹಿಡಿಯ ಕೊರಳಿನಲ್ಲಿ ಬಿರುಕಿರಬಾರದು. ಕುದುರೆಯನ್ನು (ಟ್ರಿಗರ್) ಎಳೆಯದೆ, ಹಿಡಿಯನ್ನು ನೆಲಕ್ಕೆ ಮೆಲ್ಲನೆ ತಟ್ಟಿದರೆ ಮೇಲಕ್ಕೆತ್ತಿಟ್ಟ ಹ್ಯಾಮರ್ ತಾನಾಗಿ ಬೀಳಬಾರದು.

ಇವೆಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಎರಡು. ಉಕ್ಕು ಮತ್ತು ಕಬ್ಬಿಣದ ಪಟ್ಟಿಗಳನ್ನು ಹೆಣೆದು ಬೆಸೆದ, ಮೈಮೇಲೆ ಅಲೆಅಲೆಯಾದ ಚಿತ್ತಾರ ಕಾಣುವ ಹಳೆಯ ನಳಿಗೆಗಳು ಕರಿ ಮದ್ದಿನ ಕಾಲದವು. ನೋಟಕ್ಕೆ ಅವು ಎಷ್ಟೇ ಮನೋಹರವಾಗಿದ್ದರೂ ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ತಡೆದುಕೊಳ್ಳುವ ಭರವಸೆಯಿಲ್ಲ, ಅಂತಹದನ್ನು ಹಾರಿಸಕೂಡದು. ಎರಡನೆಯದಾಗಿ, ಹಳೆಯ ಬಂದೂಕಿನ ತೋಟಾ ಕೂರುವ ಮನೆ ಅರವತ್ತೈದು ಮಿಲಿಮೀಟರ್ ಉದ್ದದ್ದಾಗಿದ್ದು ಅದರಲ್ಲಿ ಎಪ್ಪತ್ತರ ತೋಟಾವನ್ನು ತುಂಬಿದರೆ, ತೋಟಾ ಕುಳಿತುಕೊಳ್ಳುವುದೇನೋ ಕುಳಿತುಕೊಳ್ಳುತ್ತದೆ, ಹಾರುವಾಗ ಅದರ ಬಾಯಿ ಬಿಚ್ಚಿಕೊಳ್ಳುವುದಕ್ಕೆ ಸ್ಥಳವಿಲ್ಲದೆ ಒತ್ತಡ ಮಿತಿಮೀರುತ್ತದೆ. ನಳಿಗೆಯ ಬುಡದಲ್ಲಿರುವ ಪರೀಕ್ಷೆಯ ಮುದ್ರೆಗಳನ್ನು ಬಲ್ಲವರಿಂದ ಓದಿಸಿಕೊಂಡು, ಪುಣೆಯ ಖಡಕಿ ಕಾರ್ಖಾನೆಯ ತೋಟಾಗಳಲ್ಲಿ ಯಾವುದು ಹೊಂದುತ್ತದೆಂಬುದನ್ನು ಕೊಳ್ಳುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬಾಯಿಂದ ತುಂಬುವ ಬಂದೂಕಿನವನು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರತಕ್ಕದ್ದು. ಕರಿ ಮದ್ದಿನ ಕಿಟ್ಟ ಗಾಳಿಯ ತೇವವನ್ನು ಹೀರಿ ಒಂದೇ ರಾತ್ರಿಯಲ್ಲಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ಹಳೆಯ ಸೇನಾ ತೋಟಾಗಳಿಗೂ ಇದೇ ದೋಷವಿತ್ತು. ಅವುಗಳ ಕೇಪಿನ ರಾಸಾಯನಿಕ ಉರಿದ ಮೇಲೆ ಒಂದು ಬಗೆಯ ಉಪ್ಪನ್ನು ಬಿಡುತ್ತಿದ್ದುದರಿಂದ, ಕುದಿನೀರು ಸುರಿಯದೆ ಬರಿಯ ಎಣ್ಣೆ ಒರಸಿದ ಸಿಪಾಯಿಯ ರೈಫಲ್ ಎಣ್ಣೆಯ ಅಡಿಯಲ್ಲಿಯೇ ತುಕ್ಕು ಹಿಡಿಯುತ್ತಿತ್ತು.

ಹಳೆಯ ವಾಡೆಗಳ ಅಟ್ಟದಲ್ಲಿ ಅಜ್ಜನ ಕಾಲದ ಬಂದೂಕು ಉಳಿದಿರುವುದುಂಟು. ಪರವಾನಗಿದಾರನು ತೀರಿಕೊಂಡ ಮೇಲೆ ಅದನ್ನು ವಿಳಂಬವಿಲ್ಲದೆ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಿ, ವಾರಸುದಾರನು ತನ್ನ ಹೆಸರಿಗೆ ಪರವಾನಗಿ ಬೇಡಬೇಕೆಂಬುದು ನಿಯಮ. ಇದನ್ನರಿಯದೆ ಎಷ್ಟೋ ಸಭ್ಯ ಕುಟುಂಬಗಳು ಅಪರಾಧದ ಅಂಚಿನಲ್ಲಿ ಬದುಕುತ್ತಿವೆ. ದುರಸ್ತಿ ಮಾಡಿದರೂ ಹಾರಲಾರದಷ್ಟು ಸವೆದ, ಪ್ರಾಚೀನ ಮೌಲ್ಯವುಳ್ಳ ಆಯುಧಕ್ಕೆ ಕಾಯ್ದೆ ರಿಯಾಯಿತಿ ಕೊಡುತ್ತದೆ. ಆದರೆ ಹಾರುವುದೋ ಹಾರದೋ ಎಂಬುದನ್ನು ನಿರ್ಣಯಿಸತಕ್ಕವನು ಮನೆಯ ಯಜಮಾನನಲ್ಲ. ಹಳೆಯ ಹತಾರವನ್ನು ಭಯಪಟ್ಟು ಬಾವಿಗೆ ಎಸೆಯುವುದಕ್ಕಿಂತ, ಅಧಿಕಾರಿಗಳ ಮೂಲಕ ವಸ್ತುಸಂಗ್ರಹಾಲಯಕ್ಕೆ ಸೇರಿಸುವುದು ಈ ಸೀಮೆಯ ಚರಿತ್ರೆಗೆ ಸಲ್ಲಿಸುವ ಸೇವೆಯಾದೀತು.

ಇಷ್ಟೆಲ್ಲವನ್ನೂ ಹೇಳಿದ ಮೇಲೆ, ಈ ಬಂದೂಕು ಯಾವ ಆಪತ್ತಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಸೀಮೆಯನ್ನು ನಿಜವಾಗಿ ಕಾಡಿದ ಆಪತ್ತುಗಳು ಎರಡು: ಬರ ಮತ್ತು ನೆರೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮುಂಬಯಿ ಇಲಾಖೆಯಲ್ಲಿಯೇ ಅತ್ಯಂತ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಅಂದಿನ ಕಲಾದಗಿ ಒಂದು. ಅಂತಹ ಕಾಲಕ್ಕೆಂದೇ ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ, ಜೋಳವನ್ನು ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ನೀರಿನ ಅಭಾವಕ್ಕೆ ಉತ್ತರವಾಗಿ ಜಮಖಂಡಿ ತಾಲ್ಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಸರ್ಕಾರದ ಹಾದಿ ಕಾಯದೆ, ತಾವೇ ವಂತಿಗೆ ಹಾಕಿ, ತಾವೇ ಮಣ್ಣು ಹೊತ್ತು, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಆಪತ್ಕಾಲದ ಸಿದ್ಧತೆಗೆ ಅದಕ್ಕಿಂತ ಉಜ್ವಲವಾದ ನಿದರ್ಶನ ನನಗೆ ತಿಳಿದಂತೆ ಈ ನಾಡಿನಲ್ಲಿ ಮತ್ತೊಂದಿಲ್ಲ. ಒಂಟಿ ಹೊಲದ ಮನೆಯ ರಾತ್ರಿಗಾವಲಿಗೆ, ಬಂದೂಕಿನ ಮಾತು ಬರುವ ಮೊದಲೇ, ಬೇಡರ ಬೇಟೆಯ ಸಂಗಾತಿಯಾಗಿದ್ದ ಮುಧೋಳ ನಾಯಿಯುಂಟು. ಅದಕ್ಕೆ ಪರವಾನಗಿ ಬೇಡ, ಅದು ನಿದ್ರೆಯಲ್ಲಿದ್ದಾಗಲೂ ಕಿವಿ ತೆರೆದಿರುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳೆರಡೂ ಉಕ್ಕಿ ನದೀತೀರದ ಊರುಗಳನ್ನು ಮುಳುಗಿಸಿದಾಗ ಜನರಿಗೆ ಬೇಕಾದುದು ದೋಣಿ, ಹಗ್ಗ, ಒಣಗಿದ ಜೋಳದ ರೊಟ್ಟಿ, ಕುಡಿಯುವ ನೀರು, ದನಗಳಿಗೆ ಎತ್ತರದ ನೆಲ. ಪರವಾನಗಿಯ ಬಂದೂಕುಳ್ಳ ಮನೆಯವರಿಗೆ ಅಂತಹ ವೇಳೆಯಲ್ಲಿ ಇನ್ನೊಂದು ಹೊಣೆ ಹೆಚ್ಚಾಗಿರುತ್ತದೆ. ಮನೆ ಬಿಡುವ ಸೂಚನೆ ಬಂದೊಡನೆ ಬಂದೂಕನ್ನು ತೋಟಾ ತೆಗೆದು ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಪರವಾನಗಿಯ ಪುಸ್ತಕವನ್ನು ಪಹಣಿ ಪತ್ರಗಳ ಜೊತೆಯಲ್ಲಿ ನೀರು ತಾಗದಂತೆ ಸುತ್ತಿಟ್ಟುಕೊಳ್ಳಬೇಕು. ಅಕಸ್ಮಾತ್ತಾಗಿ ಬಂದೂಕು ನೀರಿನಲ್ಲಿ ಮುಳುಗಿದ್ದರೆ, ನಳಿಗೆಯಲ್ಲಿ ಕೆಸರು ಕಟ್ಟಿಕೊಂಡಿರುವುದರಿಂದ ಅದನ್ನು ಹಾರಿಸಿ ನೋಡುವ ಸಾಹಸಕ್ಕೆ ಹೋಗದೆ, ಬಲ್ಲ ಕೈಯಿಂದ ಬಿಚ್ಚಿಸಿ ಪರೀಕ್ಷಿಸಬೇಕು. ನೆನೆದ ತೋಟಾಗಳನ್ನು ಬಿಸಿಲಿಗೆ ಒಣಗಿಸಿ ಮತ್ತೆ ಬಳಸಬಾರದು. ಎಣಿಸಿ, ಬರೆದುಕೊಂಡು, ಠಾಣೆಗೆ ಒಪ್ಪಿಸಬೇಕು.